ಕಿತ್ತೂರಿನ ಕದನ, ಧಾರವಾಡದ ಕಂಬ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನಲ್ಲಿ ಕಸಬಾ, ಸೂಲಿಬೆಲೆ, ನಂದಗುಡಿ, ಅನುಗೊಂಡನಹಳ್ಳಿ ಮತ್ತು ಜಡಿಗೇನಹಳ್ಳಿ ಎಂಬ ಐದು ಹೋಬಳಿಗಳಿವೆ. ಕೋಲಾರದ ಕಡೆಗೂ ಬೆಂಗಳೂರಿನ ಕಡೆಗೂ ಹಬ್ಬಿರುವ ಈ ರಾಗಿ ಸೀಮೆಯಲ್ಲಿ, ಕಾದಾಡಿ ಸತ್ತವರ ನೆನಪನ್ನು ಕಲ್ಲಿನಲ್ಲಿ ನಿಲ್ಲಿಸುವ ರೂಢಿ ಸಾವಿರ ವರ್ಷಗಳಿಗೂ ಹಳೆಯದು. ಆ ಕಲ್ಲುಗಳನ್ನು ವಿದ್ವಾಂಸರು ವೀರಗಲ್ಲು ಎನ್ನುತ್ತಾರೆ; ಊರಿನವರು ಅವುಗಳಲ್ಲಿ ಎಷ್ಟನ್ನೋ ವೀರಭದ್ರನೆಂದೋ ಮುನೇಶ್ವರನೆಂದೋ ಕರೆದು, ಅರಿಶಿನ ಕುಂಕುಮ ಹಚ್ಚಿ ಪೂಜಿಸುತ್ತ ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಒಂದು ರಣಭೂಮಿಯನ್ನೂ ಅದರ ಸ್ಮಾರಕವನ್ನೂ ಕುರಿತ ಈ ಭಾಷಣ ವೀರಗಲ್ಲಿನಿಂದ ಹೊರಡುವುದಕ್ಕೆ ಕಾರಣವಿದೆ. ಯುದ್ಧದ ಗುರುತು ಎಂದರೆ ಏನು, ಅದು ಯಾರ ಹೆಸರನ್ನು ಹೇಳಬೇಕು, ಯಾವ ನೆಲದಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗಳಿಗೆ ಕನ್ನಡ ನಾಡು ಬ್ರಿಟಿಷರು ಕಾಲಿಡುವುದಕ್ಕೆ ಬಹಳ ಹಿಂದೆಯೇ ತನ್ನದೇ ಉತ್ತರ ಕೊಟ್ಟುಕೊಂಡಿತ್ತು, ಮತ್ತು ಆ ಉತ್ತರವನ್ನು ಮುಂದಿಟ್ಟುಕೊಂಡು ನೋಡಿದಾಗ ಮಾತ್ರ ನಂತರದ ಕಾಲದ ಕಂಬಗಳ ಹಾಗೂ ಪ್ರತಿಮೆಗಳ ಗುಣದೋಷಗಳು ಕಣ್ಣಿಗೆ ಬೀಳುತ್ತವೆ.

ವೀರಗಲ್ಲು ಸಾಮಾನ್ಯವಾಗಿ ಒಂದೇ ಚಪ್ಪಡಿಯಲ್ಲಿ ಕೆಳಗಿನಿಂದ ಮೇಲಕ್ಕೆ ಓದಬೇಕಾದ ಚಿತ್ರಕಥೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತವನನ್ನು ಕರೆದೊಯ್ಯುವ ದೇವಕನ್ನೆಯರು, ಮೇಲಿನದರಲ್ಲಿ ಲಿಂಗದ ಮುಂದೆಯೋ ಬೇರೊಬ್ಬ ದೇವರ ಮುಂದೆಯೋ ಕುಳಿತ ವೀರ, ಎಲ್ಲಕ್ಕೂ ಮೇಲೆ ಸೂರ್ಯ ಚಂದ್ರರು ಇರುತ್ತಾರೆ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಬರಹವಿದ್ದರೆ ಅದು ಆಳುವ ಅರಸನ ಹೆಸರನ್ನೂ, ಕಾಳಗದ ಕಾರಣವನ್ನೂ, ಸತ್ತವನ ಹೆಸರನ್ನೂ, ಕಲ್ಲು ನಿಲ್ಲಿಸಿದವರ ಹೆಸರನ್ನೂ ಹೇಳುತ್ತದೆ. ಕಾರಣಗಳು ಬಹುಪಾಲು ಊರಿನವೇ ಆಗಿವೆ: ದನಗಳನ್ನು ಹೊಡೆದೊಯ್ಯುವವರನ್ನು ಅಡ್ಡಗಟ್ಟುವ ತುರುಗೊಳ್, ಊರಿಗೇ ಬಿದ್ದ ದಾಳಿಯನ್ನು ಎದುರಿಸುವ ಊರಳಿವು, ಹೆಂಗಸರ ಮಾನ ಕಾಯಲು ನಡೆದ ಪೆಣ್ಬುಯ್ಯಲ್. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಅಂದರೆ ನೆತ್ತರು ಸುರಿಸಿದ್ದಕ್ಕೆ ಕೊಟ್ಟ ಕೊಡುಗೆ. ಹೀಗೆ ಒಂದೇ ಕಲ್ಲು ಸ್ಮಾರಕವೂ ಆಗಿ, ಪೂಜೆಯ ವಸ್ತುವೂ ಆಗಿ, ಜಮೀನಿನ ದಾಖಲೆಯೂ ಆಗಿ ಕೆಲಸ ಮಾಡುತ್ತಿತ್ತು.

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ಕಲ್ಲುಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಗಂಗರ ಎರೆಯಪ್ಪನ ಕಾಲದಲ್ಲಿ ನಾಗತ್ತರನೆಂಬ ನಾಯಕ ತುಂಬೆಪಾದಿ ಎಂಬಲ್ಲಿ ವೀರಮಹೇಂದ್ರನ ಸೇನೆಯನ್ನು ಎದುರಿಸಿ ಮಡಿದದ್ದನ್ನು ಹೇಳುವ ದೊಡ್ಡ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳು ಒಬ್ಬರ ಮೇಲೊಬ್ಬರು ಬಿದ್ದು ಹೆಣಗುವ ಆ ಕೆತ್ತನೆಯನ್ನು ಹತ್ತಿರದಿಂದ ನೋಡಿದರೆ, ಶಿಲ್ಪಿಗೆ ಯುದ್ಧವೆಂದರೆ ಶಿಸ್ತಿನ ಸಾಲುಗಳ ಚಿತ್ರವಾಗಿರದೆ ನೂಕುನುಗ್ಗಲಿನ ಕೊಲೆಯಾಗಿ ಕಂಡಿತ್ತೆಂಬುದು ಸ್ಪಷ್ಟವಾಗುತ್ತದೆ. ಬೇಗೂರಿನದೇ ಇನ್ನೊಂದು ಕಲ್ಲು, ನಾಗತ್ತರನ ಮನೆತನದ ಬಂಟನೊಬ್ಬನ ಮಗ ಬೆಂಗಳೂರಿನ ಕಾಳಗದಲ್ಲಿ ಸತ್ತದ್ದನ್ನು ತಿಳಿಸುತ್ತದೆ. ಬೆಂಗಳೂರೆಂಬ ಹೆಸರು ಬರಹದಲ್ಲಿ ಕಾಣಿಸಿಕೊಳ್ಳುವ ಅತ್ಯಂತ ಹಳೆಯ ಆಧಾರ ಇದೇ ಎಂದು ಎಲ್ಲರೂ ಹೇಳುತ್ತಾರಾದರೂ, ಮಹಾನಗರದ ಹೆಸರನ್ನು ಉಳಿಸಿಕೊಟ್ಟವನು ಅರಸನೂ ಅಲ್ಲದ, ಸಾಮಂತನೂ ಅಲ್ಲದ ಒಬ್ಬ ಸೇವಕನ ಮಗನೆಂಬ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದಾಗ, ಹೊಸಕೋಟೆ ತಾಲ್ಲೂಕಿನ ಶಾಸನಗಳೂ ಅದರಲ್ಲಿ ಊರೂರಿನ ಹೆಸರಿನಡಿ ಸೇರಿದವು.

ಹೊಸಕೋಟೆಯ ಬಯಲು ನಂತರದ ಕಾಲದಲ್ಲೂ ಸೇನೆಗಳ ಹಾದಿಯಾಗಿಯೇ ಉಳಿಯಿತು. 1768ರ ಆಗಸ್ಟ್‌ನಲ್ಲಿ, ಮೊದಲನೆಯ ಮೈಸೂರು ಯುದ್ಧ ನಡೆಯುತ್ತಿದ್ದಾಗ, ಇಂಗ್ಲಿಷ್ ಕಂಪನಿಯ ಕರ್ನಲ್ ಸ್ಮಿತ್‌ನ ಪಾಳೆಯದ ಪಕ್ಕದಲ್ಲೇ ಗುತ್ತಿಯ ಮುರಾರಿರಾವ್ ಬೀಡುಬಿಟ್ಟಿದ್ದನು. ಹೈದರಾಲಿಯ ಕುದುರೆ ಸವಾರರು ಇರುಳಿನಲ್ಲಿ ಆ ಬೀಡಿನ ಮೇಲೆ ಬಿದ್ದರು. ಮುರಾರಿರಾವ್ ತನ್ನವರಿಗೆ ಯಾರೂ ಕುದುರೆ ಏರಬಾರದೆಂದೂ, ಕುದುರೆಯ ಮೇಲೆ ಕಂಡವರೆಲ್ಲ ಶತ್ರುಗಳೆಂದೇ ತಿಳಿದು ಕಡಿಯಬೇಕೆಂದೂ ಆಜ್ಞೆ ಮಾಡಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಗಾಯಗೊಂಡು ಗೂಟ ಕಿತ್ತುಕೊಂಡ ಒಂದು ಆನೆ ತನ್ನ ಸರಪಳಿಯನ್ನೇ ಸೊಂಡಿಲಿನಲ್ಲಿ ಹಿಡಿದು ಬೀಸುತ್ತ ದಾಳಿಕಾರರ ಸವಾರರನ್ನು ಹಿಂದಕ್ಕಟ್ಟಿತಂತೆ. ಇಪ್ಪತ್ತಮೂರು ವರ್ಷಗಳ ನಂತರ, 1791ರ ಮಾರ್ಚ್‌ನಲ್ಲಿ, ಕಾರ್ನ್‌ವಾಲಿಸ್ ಕೋಲಾರವನ್ನೂ ಹೊಸಕೋಟೆಯನ್ನೂ ಹೆಚ್ಚಿನ ಪ್ರತಿರೋಧವಿಲ್ಲದೆ ಹಿಡಿದು ಇದೇ ದಾರಿಯಲ್ಲಿ ಬೆಂಗಳೂರಿಗೆ ಬಂದನು.

ಅಲ್ಲಿಂದ ಹೊಸ ಬಗೆಯ ಗುರುತುಗಳು ಶುರುವಾಗುತ್ತವೆ. ಬೆಂಗಳೂರಿನ ಕೋಟೆಯ ಗೋಡೆಯಲ್ಲಿ, ಬ್ರಿಟಿಷರು 1791ರ ಮಾರ್ಚ್ 21ರಂದು ಈ ಬಿರುಕಿನ ಮೂಲಕ ಒಳನುಗ್ಗಿದರೆಂದು ಇಂಗ್ಲಿಷಿನಲ್ಲಿ ಹೇಳುವ ಒಂದು ಫಲಕವಿದೆ. ಆ ಬಿರುಕಿನಲ್ಲಿಯೇ ಕಾದಾಡಿ ಬಿದ್ದ ಕಿಲ್ಲೇದಾರ, ಅಂದರೆ ಕೋಟೆಯ ರಕ್ಷಣೆಯ ಹೊಣೆ ಹೊತ್ತ ಅಧಿಕಾರಿ, ಬಹಾದುರ್ ಖಾನನ ಹೆಸರು ಅದರಲ್ಲಿಲ್ಲ. ಆ ಯುದ್ಧದಲ್ಲಿ ಸತ್ತ ಕಂಪನಿಯ ಅಧಿಕಾರಿಗಳಿಗಾಗಿ ಈಗಿನ ಹಡ್ಸನ್ ವೃತ್ತದ ಬಳಿ ಒಂದು ಎತ್ತರದ ಕಂಬವನ್ನು ನಿಲ್ಲಿಸಿದ್ದರು. ಶವವಿಲ್ಲದೆ ಹೆಸರಿಗಾಗಿ ಮಾತ್ರ ಕಟ್ಟುವ ಇಂತಹ ಸ್ಮಾರಕವನ್ನು ಇಂಗ್ಲಿಷರು ಸೆನೋಟಾಫ್ ಎನ್ನುತ್ತಾರೆ. ಈಗ ನೃಪತುಂಗ ರಸ್ತೆ ಎನಿಸಿಕೊಂಡಿರುವ ರಸ್ತೆಗೆ ಸೆನೋಟಾಫ್ ರಸ್ತೆ ಎಂಬ ಹೆಸರಿದ್ದದ್ದು ಇದರಿಂದಲೇ. ಕನ್ನಡ ಚಳವಳಿಗಾರರ ಒತ್ತಾಯದಿಂದ 1964ರಲ್ಲಿ ಆ ಕಂಬವನ್ನು ಕೆಡವಲಾಯಿತು. ಕೆಡವಿದ್ದು ಸರಿಯೇ ತಪ್ಪೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಕಂಬದ ಜೊತೆಗೆ ಆ ಜಾಗದ ಯುದ್ಧದ ಮಾತೂ ಅಳಿಸಿಹೋಯಿತೆಂಬುದಂತೂ ನಿಜ. ಪೇಟೆಯ ಬೀದಿಗಳಲ್ಲಿ ಸತ್ತ ಮೈಸೂರಿನವರ ಹೆಸರನ್ನಾದರೂ ಅಲ್ಲಿ ಬರೆಯಬಹುದಿತ್ತು, ಬರೆಯಲಿಲ್ಲ.

ಇವೆಲ್ಲ ಹದಿನೆಂಟನೆಯ ಶತಮಾನದ ಮಾತು. ಹತ್ತೊಂಬತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ನಡೆದ ಕದನಗಳಲ್ಲಿ ಗುರುತಿನ ಪ್ರಶ್ನೆಯನ್ನು ಅತ್ಯಂತ ತೀಕ್ಷ್ಣವಾಗಿ ಎತ್ತುವುದು ಕಿತ್ತೂರಿನ ಕದನ. ಈಗ ಬೆಳಗಾವಿ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿರುವ ಕಿತ್ತೂರು, ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ, ಧಾರವಾಡಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿನ ದೇಸಾಯಿಗಳು, ಅಂದರೆ ಒಂದು ಸೀಮೆಯ ಕಂದಾಯ ಮತ್ತು ಆಡಳಿತದ ವಂಶಪಾರಂಪರ್ಯ ಹಕ್ಕುಳ್ಳ ಒಡೆಯರು, ಬಿಜಾಪುರದ ಆದಿಲಶಾಹಿಗಳ ಕಾಲದಿಂದ ಆಳುತ್ತ ಬಂದು, ಪೇಶ್ವೆಗಳಿಗೂ ಮೈಸೂರಿಗೂ ನಡುವೆ ಸಿಕ್ಕಿ ನಲುಗಿ, 1818ರಲ್ಲಿ ಪೇಶ್ವೆಯ ಆಳ್ವಿಕೆ ಮುರಿದುಬಿದ್ದಾಗ ಕಂಪನಿಯ ಪಕ್ಷ ವಹಿಸಿದ್ದರು. ಪುಣೆಯಲ್ಲಿ ಪೇಶ್ವೆ ಎರಡನೆಯ ಬಾಜಿರಾಯನ ಸೆರೆಯಲ್ಲಿ ಕಾಲ ಕಳೆದು 1816ರಲ್ಲಿ ತೀರಿಕೊಂಡ ದೇಸಾಯಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜನೇ ಬ್ರಿಟಿಷರಿಗೆ ಆಗ ನೆರವಾದವನು. ಅವನಿಗೆ ಮಕ್ಕಳಿರಲಿಲ್ಲ. 1824ರ ಸೆಪ್ಟೆಂಬರ್‌ನಲ್ಲಿ ಅವನು ಸಾಯುವ ಮುಂಚೆ ಮಾಸ್ತಮರಡಿಯ ಶಿವಲಿಂಗಪ್ಪನನ್ನು ದತ್ತಕ್ಕೆ ತೆಗೆದುಕೊಂಡನು.

ಧಾರವಾಡದಲ್ಲಿ ಪ್ರಧಾನ ಕಲೆಕ್ಟರನೂ ರಾಜಕೀಯ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆ ಈ ದತ್ತಕವನ್ನು ಒಪ್ಪಲಿಲ್ಲ. ದತ್ತಕದ ಪತ್ರ ತನ್ನ ಕೈಗೆ ಬಂದದ್ದು ದೇಸಾಯಿಯ ಮರಣದ ನಂತರವೆಂದೂ, ಅದರ ಸಹಿ ನಂಬಲರ್ಹವಲ್ಲವೆಂದೂ ಅವನ ವಾದ. ದತ್ತುಮಕ್ಕಳಿಗೆ ಹಕ್ಕಿಲ್ಲವೆಂದು ಹೇಳಿ ಸಂಸ್ಥಾನಗಳನ್ನು ನುಂಗುವ ನೀತಿಗೆ ಡಾಲ್‌ಹೌಸಿಯ ಹೆಸರು ಅಂಟಿಕೊಂಡಿದೆಯಾದರೂ, ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನಲ್ಲಿ ಅದರ ರುಚಿ ಇಪ್ಪತ್ತನಾಲ್ಕು ವರ್ಷ ಮೊದಲೇ ಗೊತ್ತಾಗಿತ್ತು. ಥ್ಯಾಕರೆ ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿ, ಕಾವಲಿಟ್ಟು, ಆಡಳಿತವನ್ನು ತನ್ನ ಕೈಗೆ ತೆಗೆದುಕೊಳ್ಳಲು ತಾನೇ ಕಿತ್ತೂರಿಗೆ ಬಂದನು. ಆಗ ಸಂಸ್ಥಾನದ ಚುಕ್ಕಾಣಿ ಮಲ್ಲಸರ್ಜನ ರಾಣಿ ಚೆನ್ನಮ್ಮನ ಕೈಯಲ್ಲಿತ್ತು.

1824ರ ಅಕ್ಟೋಬರ್ 23ರ ಬೆಳಿಗ್ಗೆ ಥ್ಯಾಕರೆಯ ಕಡೆಯವರು ನೋಡಿದಾಗ ಕೋಟೆಯ ಬಾಗಿಲು ಮುಚ್ಚಿತ್ತು. ಅವನು ಕುದುರೆಗಳೆಳೆಯುವ ಫಿರಂಗಿಗಳ ದಳವನ್ನು ಬಾಗಿಲಿನ ಎದುರಿಗೆ ತರಿಸಿ, ಗೊತ್ತುಮಾಡಿದ ಹೊತ್ತಿನೊಳಗೆ ಬಾಗಿಲು ತೆರೆಯದಿದ್ದರೆ ಹೊಡೆದು ಹಾಕುವುದಾಗಿ ಹೇಳಿ ಕಳುಹಿಸಿದನು. ಹೊತ್ತು ಮೀರುವುದರೊಳಗೆ ಬಾಗಿಲು ತಾನಾಗಿಯೇ ತೆರೆಯಿತು. ಆದರೆ ತೆರೆದದ್ದು ಶರಣಾಗುವುದಕ್ಕಲ್ಲ. ಒಳಗಿನಿಂದ ಕಿತ್ತೂರಿನ ಸವಾರರೂ ಕಾಲಾಳುಗಳೂ ಒಮ್ಮೆಗೇ ಹೊರಬಿದ್ದು, ಫಿರಂಗಿಗಳು ಮದ್ದು ಉಗುಳುವ ಮೊದಲೇ ಗೋಲಂದಾಜರನ್ನು, ಅಂದರೆ ಫಿರಂಗಿ ಹಾರಿಸುವವರನ್ನು, ತುಳಿದು ಮುಂದುವರಿದರು. ಫಿರಂಗಿ ದಳದ ಕ್ಯಾಪ್ಟನ್ ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಅಧಿಕಾರಿಗಳು ಬಿದ್ದರು. ಥ್ಯಾಕರೆಯೂ ಅಲ್ಲಿಯೇ ಕೊಲೆಯಾದನು. ಅವನನ್ನು ಗುಂಡಿಟ್ಟು ಕೆಡವಿದವನು ಅಮಟೂರಿನ ಬಾಳಪ್ಪನೆಂದು ನಾಡಿನ ಪರಂಪರೆ ಹೇಳುತ್ತದೆ. ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ಎಲಿಯಟ್ ಸೆರೆಸಿಕ್ಕರು. ರಾಣಿ ಅವರನ್ನು ಕೊಲ್ಲಿಸದೆ ಇರಿಸಿಕೊಂಡು ಕೊನೆಗೆ ಬಿಟ್ಟುಕೊಟ್ಟಳು. ಅಂದು ಸೆರೆಯಾಳಾಗಿದ್ದ ವಾಲ್ಟರ್ ಎಲಿಯಟ್ ಮುಂದೆ ದಕ್ಷಿಣ ಭಾರತದ ಶಾಸನಗಳ ಹಾಗೂ ನಾಣ್ಯಗಳ ಅಭ್ಯಾಸಿಯಾಗಿ ದೊಡ್ಡ ಹೆಸರು ಪಡೆದನು. ಕನ್ನಡ ಶಾಸನ ಸಂಗ್ರಹದ ಮೊದಲ ಹೆಜ್ಜೆಗಳಲ್ಲಿ ಒಂದನ್ನಿಟ್ಟವನು ಕಿತ್ತೂರಿನ ಸೆರೆಯಿಂದ ಬದುಕಿ ಬಂದವನೆಂಬುದನ್ನು ಇತಿಹಾಸದ ಕಿಡಿಗೇಡಿತನವೆನ್ನದೆ ಬೇರೇನೂ ಅನ್ನಲಾಗದು.

ಕಂಪನಿ ಈ ಅಪಮಾನವನ್ನು ನುಂಗಿಕೊಳ್ಳುವ ಹಾಗಿರಲಿಲ್ಲ. ದಖನ್ನಿನ ಕಮಿಷನರ್ ಚಾಪ್ಲಿನ್ ತಾನೇ ಬಂದು, ಮದರಾಸು ಮತ್ತು ಮುಂಬಯಿ ಎರಡೂ ಕಡೆಯ ದಂಡುಗಳನ್ನು ಲೆಫ್ಟಿನೆಂಟ್ ಕರ್ನಲ್ ಡೀಕನ್‌ನ ಕೈಕೆಳಗೆ ಕೂಡಿಸಿದನು. ಡಿಸೆಂಬರ್ 3ರಂದು ಕೋಟೆಯ ಹೊರಗಿನ ಠಾಣ್ಯದ ಮೇಲೆ ದಾಳಿ ನಡೆಯಿತು. 5ರಂದು ಕೋಟೆ ಶರಣಾಯಿತು. ಈ ಎರಡನೆಯ ಸುತ್ತಿನಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸಾಯುವ ಗಾಯ ಹೊಂದಿದನು. ಅವನು ಆಗ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋನ ಸಂಬಂಧಿ. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿಯಲ್ಲಿ ಅವಳು ಅಲ್ಲಿಯೇ ತೀರಿಕೊಂಡಳು.

ಈಗ ಗುರುತಿನ ಮಾತು. ಥ್ಯಾಕರೆಗಾಗಿ ಮತ್ತು ಅವನ ಜೊತೆಗೆ ಸತ್ತ ಅಧಿಕಾರಿಗಳಿಗಾಗಿ ಎದ್ದ ಸ್ಮಾರಕ ಕಂಬ ಧಾರವಾಡದಲ್ಲಿದೆ. ಚೌಕಾಕಾರದ ಬುಡದಿಂದ ಹೊರಟು ಮೇಲೆ ಹೋದಂತೆ ಕಿರಿದಾಗಿ ಚೂಪು ತುದಿಯಲ್ಲಿ ನಿಲ್ಲುವ, ಒಬೆಲಿಸ್ಕ್ ಎಂದು ಕರೆಯುವ ಈ ಬಗೆಯ ಕಂಬದ ಮೂಲ ಪ್ರಾಚೀನ ಈಜಿಪ್ಟಿನ ಸೂರ್ಯ ದೇವಾಲಯಗಳಲ್ಲಿದ್ದು, ಯುರೋಪಿನವರು ಅದನ್ನು ಜಯದ ಮತ್ತು ಮರಣದ ಚಿಹ್ನೆಯಾಗಿ ಮಾಡಿಕೊಂಡು, ತಾವು ಹೋದಲ್ಲೆಲ್ಲ ನೆಟ್ಟರು. ಅದು ಕಾಳಗ ನಡೆದ ಕಿತ್ತೂರಿನ ಬಾಗಿಲಲ್ಲಿ ನಿಲ್ಲದೆ ಕಲೆಕ್ಟರನ ಕಚೇರಿಯಿದ್ದ ಊರಿನಲ್ಲಿ ನಿಂತಿತೆಂಬುದು ಮುಖ್ಯ. ವೀರಗಲ್ಲು ಸತ್ತವನ ಊರಿನಲ್ಲೋ ಅವನು ಬಿದ್ದ ನೆಲದಲ್ಲೋ ನಿಲ್ಲುತ್ತದೆ, ಏಕೆಂದರೆ ಅದರ ಓದುಗರು ಅವನ ನೆಂಟರು ಮತ್ತು ನೆರೆಹೊರೆಯವರು. ಕಂಪನಿಯ ಕಂಬದ ಓದುಗರು ಬೇರೆಯವರು. ಅದು ಕಚೇರಿಗೆ ಅರ್ಜಿ ಹಿಡಿದು ಬರುವ ದೇಸಾಯಿ, ಗೌಡ, ಕುಲಕರ್ಣಿಗಳಿಗೆ ಒಬ್ಬ ಕಲೆಕ್ಟರನ ಸಾವಿಗೆ ಏನು ಬೆಲೆ ತೆರಬೇಕಾಗುತ್ತದೆಂಬುದನ್ನು ನೆನಪಿಸಲು ನಿಂತಿತ್ತು. ಅದು ಶೋಕದ ಕಂಬವೂ ಹೌದು; ಥ್ಯಾಕರೆ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ, ಅವನಿಗಾಗಿ ಅತ್ತವರು ಇದ್ದೇ ಇದ್ದರು. ಆದರೆ ಶೋಕ ಯಾರಿಗಾಗಿ ಎಂಬುದರಲ್ಲಿ ಅಧಿಕಾರದ ಶ್ರೇಣಿಯೇ ಅಳತೆಗೋಲಾಯಿತು. ಆ ದಿನ ಫಿರಂಗಿಗಳ ಬಳಿ ಸತ್ತ ದೇಶೀಯ ಸಿಪಾಯಿಗಳೂ ಕಂಪನಿಯ ಅನ್ನವನ್ನೇ ತಿಂದವರು. ಕಂಬ ಹೊತ್ತದ್ದು ಸಾಹೇಬರ ಹೆಸರನ್ನು.

ಸೋತವರಿಗೆ ಕಲ್ಲು ನಿಲ್ಲಿಸುವ ಅವಕಾಶವೇ ಇರಲಿಲ್ಲ. ಕಿತ್ತೂರಿನ ಪಕ್ಷದ ನೆನಪು ಅದಕ್ಕಾಗಿ ಬೇರೆ ಮಾಧ್ಯಮಗಳನ್ನು ಹುಡುಕಿಕೊಂಡಿತು. ಅವುಗಳಲ್ಲಿ ಮೊದಲನೆಯದು ಲಾವಣಿ, ಅಂದರೆ ಡಪ್ಪು ತುಂತುಣಿಗಳ ಜೊತೆಗೆ ಗುಂಪಾಗಿ ಹಾಡುವ ಕಥನಗೀತೆ. ಸಂಗೊಳ್ಳಿ ರಾಯಣ್ಣ ಕಿತ್ತೂರಿನ ಶೇತಸನದಿ, ಎಂದರೆ ಊರಿನ ಕಾವಲು ಕೆಲಸಕ್ಕೆ ಪ್ರತಿಯಾಗಿ ಜಮೀನು ಅನುಭವಿಸುತ್ತಿದ್ದ ಬಂಟ. ಕೋಟೆ ಬಿದ್ದ ಐದಾರು ವರ್ಷಗಳ ಮೇಲೆ ಅವನು ದತ್ತುಪುತ್ರನ ಹೆಸರಿನಲ್ಲಿ ದಂಡು ಕೂಡಿಸಿ, ಸರ್ಕಾರಿ ಕಚೇರಿಗಳನ್ನು ಸುಟ್ಟು, ಕಾಡಿನಿಂದ ಕಾಡಿಗೆ ಸರಿಯುತ್ತ ಹೋರಾಡಿ, ತನ್ನವರ ಮೋಸದಿಂದ ಸಿಕ್ಕಿಬಿದ್ದು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಅವನನ್ನು ಹೂಳಿದ ಜಾಗದಲ್ಲಿ ಬೆಳೆದ ಆಲದ ಮರವೇ ಅವನ ಸ್ಮಾರಕವಾಯಿತು. ಸರ್ಕಾರದ ಅಪ್ಪಣೆಯಿಲ್ಲದೆ ನೆಡಬಹುದಾದ ಸ್ಮಾರಕ ಬಹುಶಃ ಮರವೊಂದೇ. ರಾಯಣ್ಣನ ಲಾವಣಿಯನ್ನೂ, 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ತಿರುಗಿಬಿದ್ದ ಹಲಗಲಿಯ ಬೇಡರ ಲಾವಣಿಯನ್ನೂ ಜನರ ಬಾಯಿಂದ ಬರೆಯಿಸಿಕೊಂಡು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಮತ್ತೊಬ್ಬ ಬ್ರಿಟಿಷ್ ಅಧಿಕಾರಿ, ಜೆ. ಎಫ್. ಫ್ಲೀಟ್. ಲಾವಣಿ ಊರುಗಳ ಹೆಸರು, ಬಂಟರ ಹೆಸರು, ದಾರಿಯ ಹಳ್ಳ ಗುಡ್ಡಗಳ ಹೆಸರು ಎಲ್ಲವನ್ನೂ ಇಟ್ಟುಕೊಳ್ಳುತ್ತದೆ. ಆ ದೃಷ್ಟಿಯಿಂದ ಅದು ವೀರಗಲ್ಲಿನ ತಂಗಿ.

ಸ್ವಾತಂತ್ರ್ಯಾನಂತರ ಕಿತ್ತೂರಿಗೆ ಸಲ್ಲಬೇಕಾದ ಗೌರವ ಸಂದಿತು. ಸಾಲದೆಂದು ಯಾರೂ ಹೇಳಲಾರರು. ರಾಣಿಯ ಭಾವಚಿತ್ರದ ಅಂಚೆಚೀಟಿ 1977ರಲ್ಲಿ ಬಂದಿತು, ಅವಳ ಪ್ರತಿಮೆ 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ನಿಂತಿತು, ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ರಾಯಣ್ಣನ ಹೆಸರು ಸಂದಿತು, ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ ನಡೆಯುತ್ತದೆ, 2024ರಲ್ಲಿ ಆ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಿಂದ ಹಿಡಿದು ಸಣ್ಣ ಊರುಗಳ ಸರ್ಕಲ್ಲಿನವರೆಗೆ, ಕುದುರೆಯೇರಿ ಕತ್ತಿ ಎತ್ತಿದ ರಾಣಿ ಕಾಣಸಿಗುತ್ತಾಳೆ. ಆದರೆ ಪ್ರತಿಮೆ ಮಾಡುವ ಕೆಲಸವೇ ಬೇರೆ, ಗುರುತುಗಲ್ಲು ಮಾಡುವ ಕೆಲಸವೇ ಬೇರೆ. ಪ್ರತಿಮೆ ವ್ಯಕ್ತಿಯನ್ನು ನೆನಪಿಸುತ್ತದೆ, ಅದಕ್ಕಾಗಿಯೇ ಅದನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಗುರುತುಗಲ್ಲು ನೆನಪಿಸುವುದು ನೆಲವನ್ನು, ಆದ್ದರಿಂದ ಅದಕ್ಕೆ ಒಂದೇ ಜಾಗ. ಪ್ರತಿಮೆಯ ಸುತ್ತ ಹಾರ, ಭಾಷಣ, ಜಯಂತಿಗಳು ಬೆಳೆಯುತ್ತವೆ, ಜಾತಿಯ ಹಾಗೂ ಪಕ್ಷದ ಲೆಕ್ಕಾಚಾರವೂ ಬೆಳೆಯುತ್ತದೆ. ಬಾಗಿಲಿನಿಂದ ಫಿರಂಗಿಗೆ ಎಷ್ಟು ಮಾರು, ಸವಾರರು ಯಾವ ಕಡೆಯಿಂದ ನುಗ್ಗಿದರು ಎಂಬ ಪ್ರಶ್ನೆಗಳು ಅಲ್ಲಿ ಹುಟ್ಟುವುದೇ ಇಲ್ಲ. ಕಿತ್ತೂರಿನ ಅರಮನೆಯ ಅವಶೇಷಗಳನ್ನು ನೋಡಲು ಬರುವವರು ಧ್ರುವ ನಕ್ಷತ್ರವನ್ನು ನೋಡಲು ಗೋಡೆಯಲ್ಲಿ ಮಾಡಿರುವ ಕಿಂಡಿಗೆ ಕಣ್ಣು ಹಚ್ಚಿ ಬೆರಗಾಗುತ್ತಾರೆ, ಅದು ಬೆರಗಿಗೆ ತಕ್ಕದ್ದೇ. ಕಂಪನಿಯ ಫಿರಂಗಿ ದಳವನ್ನು ಕೆಲವೇ ನಿಮಿಷಗಳಲ್ಲಿ ಮಣ್ಣುಗೂಡಿಸಿದ ಬಾಗಿಲಿನ ಮುಂದಣ ಬಯಲಿಗೂ ಅಷ್ಟೇ ಹೊತ್ತು ಮೀಸಲಿಡುವಂತೆ ಅವರನ್ನು ನಿಲ್ಲಿಸುವ ಬರಹ ಬೇಕು.

ಗುರುತಿನ ಕಂಬವೊಂದು ನೆಲದಲ್ಲೇ ನಿಂತು, ಸಾಮಾನ್ಯ ಸೈನಿಕರ ಹೆಸರನ್ನೂ ಹೊತ್ತಾಗ ಏನಾಗುತ್ತದೆಂಬುದಕ್ಕೆ ಪುಣೆಯ ಹತ್ತಿರದ ಕೋರೆಗಾಂವ್ ಸಾಕ್ಷಿ. 1818ರ ಜನವರಿ 1ರಂದು ಪೇಶ್ವೆಯ ಸೇನೆಯನ್ನು ಕ್ಯಾಪ್ಟನ್ ಸ್ಟಾಂಟನ್ನನ ಸಣ್ಣ ದಳ ಭೀಮಾ ನದಿಯ ದಂಡೆಯಲ್ಲಿ ಹಗಲೆಲ್ಲ ತಡೆದು ನಿಲ್ಲಿಸಿತು. ಅಲ್ಲಿ ಕಂಪನಿ ನಿಲ್ಲಿಸಿದ ಕಂಬವೂ ಒಬೆಲಿಸ್ಕೇ, ಉದ್ದೇಶವೂ ಕಂಪನಿಯ ಶೌರ್ಯದ ಜಾಹೀರಾತೇ. ಆದರೆ ಅದರ ಮೇಲೆ ಸತ್ತ ಸಿಪಾಯಿಗಳ ಹೆಸರುಗಳನ್ನೂ ಕೆತ್ತಿದ್ದರು, ಅವುಗಳಲ್ಲಿ ನಾಕ್ ಎಂದು ಕೊನೆಗೊಳ್ಳುವ ಮಹಾರ್ ಸೈನಿಕರ ಹೆಸರುಗಳು ಹಲವು. ನೂರು ವರ್ಷ ಕಳೆದ ಮೇಲೆ, 1927ರ ಜನವರಿ 1ರಂದು, ಡಾ. ಬಿ. ಆರ್. ಅಂಬೇಡ್ಕರ್ ಅಲ್ಲಿಗೆ ಬಂದು ಆ ಹೆಸರುಗಳ ಮುಂದೆ ನಿಂತರು. ಅಂದಿನಿಂದ ಕಂಪನಿಯ ಕಂಬ ದಲಿತರ ಆತ್ಮಗೌರವದ ಕಂಬವಾಗಿ, ಪ್ರತಿ ಹೊಸವರ್ಷದ ದಿನ ಲಕ್ಷಗಟ್ಟಲೆ ಜನರನ್ನು ಸೆಳೆಯುತ್ತಿದೆ. ಕಟ್ಟಿದವರ ಉದ್ದೇಶವನ್ನು ಮೀರಿ ಆ ಕಲ್ಲು ಬೇರೊಂದು ಬಾಳನ್ನು ಬಾಳಲು ಸಾಧ್ಯವಾದದ್ದು ಹೆಸರುಗಳಿಂದ. ಧಾರವಾಡದ ಕಂಬಕ್ಕೆ ಆ ಭಾಗ್ಯ ಬರಲಿಲ್ಲ.

ನೆಲದ ಮೇಲೆ ಅತಿಯಾದ ಅಭಿಮಾನವೂ ಕೆಡುಕು ಮಾಡಬಲ್ಲದು. ಈಗ ಬೆಲ್ಜಿಯಂನಲ್ಲಿರುವ ವಾಟರ್‌ಲೂನಲ್ಲಿ, 1815ರ ಕದನದ ನೆನಪಿಗೆ ದೊಡ್ಡ ದಿಬ್ಬವೊಂದನ್ನು ಕಟ್ಟಿ ಅದರ ತುದಿಯಲ್ಲಿ ಸಿಂಹವನ್ನು ಕೂರಿಸಿದರು. 1826ರಲ್ಲಿ ಮುಗಿದ ಆ ದಿಬ್ಬಕ್ಕೆ ಬೇಕಾದ ಮಣ್ಣನ್ನು ರಣಭೂಮಿಯಿಂದಲೇ ಅಗೆದದ್ದರಿಂದ, ವೆಲ್ಲಿಂಗ್ಟನ್ನನ ಸೇನೆ ಆಶ್ರಯ ಪಡೆದಿದ್ದ ಏರು ತಗ್ಗಾಗಿ ಹೋಯಿತು.

ಕಾನೂನಿನ ಸಹಾಯ ಇಲ್ಲಿ ಎಷ್ಟರಮಟ್ಟಿಗೆ ಸಿಗುತ್ತದೆಂಬುದನ್ನೂ ನೋಡಬೇಕು. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಮತ್ತು ರಾಜ್ಯದ 1961ರ ಕಾಯಿದೆ ಎರಡೂ ಮುಖ್ಯವಾಗಿ ಕಟ್ಟಡ, ಶಿಲ್ಪ, ಶಾಸನ, ಗುಹೆ, ಅವಶೇಷಗಳಿರುವ ದಿಬ್ಬ ಇಂತಹ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳನ್ನು ರಕ್ಷಿಸಲು ಬರೆದವು. ಕೇಂದ್ರದ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಿಂದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವೂ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶವೂ ಆಯಿತು. ಆದರೆ ಎರಡು ಸೇನೆಗಳು ಒಂದು ಮುಂಜಾನೆ ಕಾದಾಡಿ, ಏನೂ ಕಟ್ಟದೆ ಏನೂ ಬಿಡದೆ ಹೋದ ಹೊಲಕ್ಕೆ ಈ ಚೌಕಟ್ಟಿನಲ್ಲಿ ಸುಲಭವಾದ ಜಾಗವಿಲ್ಲ. ಸಂರಕ್ಷಿತವಾದಲ್ಲಿಯೂ ನೋಡುಗನನ್ನು ಎದುರುಗೊಳ್ಳುವ ನೀಲಿ ಫಲಕ ಕಾಯಿದೆಯ ಹೆಸರು, ಶಿಕ್ಷೆಯ ಅವಧಿ, ದಂಡದ ಮೊತ್ತಗಳನ್ನು ಹೇಳುತ್ತದೆ. ಇಲ್ಲಿ ಏನು ನಡೆಯಿತೆಂಬುದಕ್ಕೆ ಇನ್ನೊಂದು ಫಲಕವನ್ನು ಹುಡುಕಬೇಕು. ಬೆದರಿಕೆ ಮೊದಲು, ಕಥೆ ಆಮೇಲೆ ಎಂಬ ಈ ಕ್ರಮ ಇಲಾಖೆಯ ದೃಷ್ಟಿಯಿಂದ ಅನಿವಾರ್ಯವಿರಬಹುದು. ಶಾಲೆಯ ಮಕ್ಕಳನ್ನು ಬಸ್ಸಿನಿಂದ ಇಳಿಸಿ ಅದರ ಮುಂದೆ ನಿಲ್ಲಿಸಿದ ಮೇಷ್ಟರಿಗೆ ಅದು ಸಾಲದು.

ಬೆಂಗಳೂರಿನ ಸುತ್ತಲಿನ ನೆಲ ಬದಲಾಗುತ್ತಿರುವ ವೇಗದಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಹೊಸಕೋಟೆಯ ಸುತ್ತಮುತ್ತ ಹೊಲಗಳು ಲೇಔಟುಗಳೂ ಉಗ್ರಾಣಗಳೂ ಆಗುತ್ತಿರುವಾಗ, ಜೆಸಿಬಿ ಯಂತ್ರದ ಬಕೆಟ್ಟಿಗೆ ಬದುವಿನ ಕಲ್ಲಿಗೂ ವೀರಗಲ್ಲಿಗೂ ವ್ಯತ್ಯಾಸ ತಿಳಿಯದು. ಹೆಬ್ಬಾಳದಲ್ಲಿ 2018ರಲ್ಲಿ ಅಗೆತದ ಕೆಲಸದ ನಡುವೆ ಸಿಕ್ಕ, ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಉಳಿದದ್ದು ಶಾಸನಾಸಕ್ತರು ಹಾಗೂ ಊರಿನವರು ಒಟ್ಟಾದ್ದರಿಂದ. ಅದಕ್ಕೀಗ ಅದೇ ಊರಿನಲ್ಲಿ ಮಂಟಪವಿದೆ, ವಿವರದ ಬರಹವಿದೆ. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ನಗರ, ಗ್ರಾಮಾಂತರ ಮತ್ತು ರಾಮನಗರ ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರ್ ಯಂತ್ರದಿಂದ ದಾಖಲಿಸುತ್ತಿದೆ. ಕಲ್ಲಿನ ಮೇಲ್ಮೈಯನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆದು ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಓದುವಂತೆ ಮಾಡುವ ಈ ವಿಧಾನದಲ್ಲಿ, ಸವೆದು ಕಾಣದಂತಾದ ಸಾಲುಗಳೂ ಓದಲು ಸಿಗುತ್ತವೆ, ಕಲ್ಲು ನಿಂತ ಜಾಗದ ಅಕ್ಷಾಂಶ ರೇಖಾಂಶಗಳೂ ದಾಖಲೆಯಾಗುತ್ತವೆ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಬೆಲೆಯದಲ್ಲ, ಏಕೆಂದರೆ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ ವೀರಗಲ್ಲು ಬರಹವನ್ನು ಉಳಿಸಿಕೊಂಡರೂ ನೆಲವನ್ನು ಕಳೆದುಕೊಳ್ಳುತ್ತದೆ.

ಕಿತ್ತೂರಿನ ಬಾಗಿಲಿನ ಮುಂದೆ ಒಂದು ಗುರುತುಗಲ್ಲು ನಿಂತರೆ ಅದರ ಬರಹ ಉದ್ದವಾಗಿರಬೇಕಾಗಿಲ್ಲ. ದಿನ ಮತ್ತು ವರ್ಷ, ಮುಚ್ಚಿದ ಬಾಗಿಲು, ಎದುರಿಗೆ ತಂದು ನಿಲ್ಲಿಸಿದ ಫಿರಂಗಿಗಳು, ಅವು ಸಿಡಿಯುವ ಮೊದಲೇ ತೆರೆದ ಬಾಗಿಲು. ಚೆನ್ನಮ್ಮ, ಬಾಳಪ್ಪ, ಲಾವಣಿಗಳೂ ಕಡತಗಳೂ ಉಳಿಸಿಕೊಟ್ಟಿರುವ ಕಿತ್ತೂರಿನ ಉಳಿದ ಬಂಟರು. ಥ್ಯಾಕರೆ, ಬ್ಲ್ಯಾಕ್, ಸೀವೆಲ್, ಡೈಟನ್. ಕಂಪನಿಯ ದಂಡಿನ ಕಡತಗಳಲ್ಲಿ ಸಿಗುವಷ್ಟು ಸಿಪಾಯಿಗಳು. ಇವರೆಲ್ಲರ ಹೆಸರು ಒಂದೇ ಕಲ್ಲಿನಲ್ಲಿ ಬಂದರೆ ಯಾರ ಅಭಿಮಾನಕ್ಕೂ ಕುಂದಿಲ್ಲ. ಬೇಗೂರಿನ ಶಿಲ್ಪಿ ವೈರಿ ವೀರಮಹೇಂದ್ರನ ಹೆಸರನ್ನು ನಾಗತ್ತರನ ಕಲ್ಲಿನಲ್ಲಿಯೇ ಬರೆದಿದ್ದಾನೆ. ಬರಹ ಕನ್ನಡದಲ್ಲಿರಲಿ, ಗಡಿ ಜಿಲ್ಲೆಯಾದ್ದರಿಂದ ಮರಾಠಿಯಲ್ಲೂ ಇರಲಿ, ಹೊರಗಿನವರಿಗಾಗಿ ಇಂಗ್ಲಿಷಿನಲ್ಲೂ ಇರಲಿ. ಫಿರಂಗಿಗಳು ನಿಂತಿದ್ದ ದಿಕ್ಕನ್ನು ತೋರಿಸುವ ಸಣ್ಣ ನಕ್ಷೆಯೊಂದು ಜೊತೆಗಿದ್ದರೆ, ಎಂಟನೆಯ ತರಗತಿಯ ಹುಡುಗ ಹುಡುಗಿಯರು ಬಾಗಿಲಿನಿಂದ ಅಲ್ಲಿಯವರೆಗೆ ಹೆಜ್ಜೆ ಹಾಕಿ, ಕಿತ್ತೂರಿನ ಸವಾರರಿಗೆ ದಾಟಲು ಇದ್ದ ದೂರ ಎಷ್ಟೆಂದು ತಾವೇ ಎಣಿಸಿಕೊಳ್ಳಬಹುದು.